ಓದುಗರ ಪ್ರಶ್ನೆ, ವೈದ್ಯರ ಉತ್ತರ: ದಿನ ತುಂಬದ ಕೂಸು, ಹೆತ್ತವರ ಎದೆ

ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಆರೈಕೆಯನ್ನು ಕುರಿತ ಪತ್ರಗಳಲ್ಲಿ ಹೆಚ್ಚಿನವು ಈ ಸಲ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಿಂದ ಬಂದಿವೆ. ಹೆಚ್ಚುಕಡಿಮೆ ಎಲ್ಲರೂ ಕೇಳಿರುವುದು ಮಗುವನ್ನು ಬರಿಮೈಯಲ್ಲಿ ಎದೆಗೆ ಒರಗಿಸಿಕೊಳ್ಳುವ ಕ್ರಮದ ಬಗ್ಗೆ. ಆಸ್ಪತ್ರೆಯವರು ಅದನ್ನು ಕಾಂಗರೂ ಆರೈಕೆ ಎಂದೋ ಕೆಎಂಸಿ ಎಂದೋ ಕರೆಯುತ್ತಾರೆ. ಈ ಸಂಚಿಕೆಯ ಅಂಕಣ ಪೂರ್ತಿಯಾಗಿ ಅದಕ್ಕೇ ಮೀಸಲು. ಬರೆದವರ ಹೆಸರುಗಳನ್ನು ಕೈಬಿಟ್ಟು, ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನನಗೆ 32ನೆಯ ವಾರದಲ್ಲಿ ಹೆರಿಗೆಯಾಯಿತು. ಹುಟ್ಟುವಾಗ ಮಗಳ ತೂಕ 1,550 ಗ್ರಾಂ ಇತ್ತು. ಮಂಗಳೂರಿನ ಆಸ್ಪತ್ರೆಯಲ್ಲಿದ್ದು, 1,800 ಗ್ರಾಂ ಆದ ಮೇಲೆ ತವರುಮನೆಗೆ ಬಂದಿದ್ದೇವೆ. ಚೀಟಿಯಲ್ಲಿ ‘ಕೆಎಂಸಿ ಮುಂದುವರಿಸಿ’ ಎಂದಷ್ಟೇ ಬರೆದಿದ್ದಾರೆ. ದಿನಕ್ಕೆ ಎಷ್ಟು ಹೊತ್ತು, ಹೇಗೆ, ಎಲ್ಲಿಯವರೆಗೆ ಎಂದು ತಿಳಿಯದು. ಊಟ, ನಿದ್ದೆ, ಸ್ನಾನಗಳ ನಡುವೆ ಇದು ಸಾಧ್ಯವೇ? – ಬದಿಯಡ್ಕ ಸಮೀಪದ ಓದುಗರು

ಉತ್ತರ: ಹನಿ ಔಷಧಿಗಳ ಹೆಸರಿನ ಮುಂದೆ ದಿನಕ್ಕೆ ಎಷ್ಟು ಹನಿ, ಯಾವ ಹೊತ್ತಿಗೆ ಎಂದು ಬರೆದವರು ಕೆಎಂಸಿಯ ಮುಂದೆ ಮಾತ್ರ ಏನನ್ನೂ ಬರೆಯದೆ ಬಿಟ್ಟಿರುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೂ ಪ್ರಮಾಣ ಎಂಬುದುಂಟು, ಆ ಪ್ರಮಾಣವನ್ನು ಗಂಟೆಗಳಲ್ಲಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಅವಧಿಗೆ ಮೊದಲು ಹುಟ್ಟಿದ ಅಥವಾ ಕಡಿಮೆ ತೂಕದ ಮಗುವಿಗೆ ದಿನಕ್ಕೆ 8ರಿಂದ 24 ಗಂಟೆಗಳವರೆಗೆ, ಎಷ್ಟು ಹೆಚ್ಚು ಸಾಧ್ಯವೋ ಅಷ್ಟು ಹೊತ್ತು ಎದೆಯ ಸಂಪರ್ಕ ಸಿಗಬೇಕು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಪ್ರೀತಿಯಿಂದ ಎತ್ತಿಕೊಂಡರೆ ಮಗುವಿಗೂ ನಿಮಗೂ ಹಿತವಾಗಬಹುದು, ಆದರೆ ಅದು ಚಿಕಿತ್ಸೆಯ ಪ್ರಮಾಣವಲ್ಲ. ಒಮ್ಮೆ ಮಲಗಿಸಿಕೊಂಡರೆ ಕನಿಷ್ಠ ಒಂದು ಗಂಟೆಯಾದರೂ ಇರಿಸಿಕೊಳ್ಳಿ. ಮತ್ತೆ ಮತ್ತೆ ಎತ್ತಿ ಇಳಿಸುವುದರಿಂದಲೇ ಇಂಥ ಮಗು ದಣಿಯುತ್ತದೆ.

ಇಷ್ಟೊಂದು ಹೊತ್ತು ಏಕೆಂದರೆ, ಚರ್ಮದಡಿಯ ಕೊಬ್ಬು ಗರ್ಭದಲ್ಲಿ ತುಂಬಿಕೊಳ್ಳುವುದು ಕೊನೆಯ ತಿಂಗಳುಗಳಲ್ಲಿ, ಮತ್ತು ನಿಮ್ಮ ಮಗಳಿಗೆ ಆ ತಿಂಗಳುಗಳು ಪೂರ್ತಿಯಾಗಿ ಸಿಗಲಿಲ್ಲ. ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಆ ಚರ್ಮವೂ ತೆಳು. ಹೀಗಾಗಿ ಮೈಯ ಬಿಸಿ ಸೋರಿಹೋಗುತ್ತದೆ. ತಣ್ಣಗಾದ ಮಗು ಬೆಚ್ಚಗಾಗುವುದಕ್ಕೆ ತನ್ನಲ್ಲಿರುವ ಅಲ್ಪ ಸಕ್ಕರೆಯನ್ನೂ ಆಮ್ಲಜನಕವನ್ನೂ ಖರ್ಚು ಮಾಡುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ, ಉಸಿರಾಟ ಕಷ್ಟವಾಗುತ್ತದೆ, ಕುಡಿದ ಹಾಲು ತೂಕವಾಗಿ ಸೇರುವುದಿಲ್ಲ. ಕಂಕುಳಿನ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಉಳಿದರೆ ಆ ಖರ್ಚು ತಪ್ಪುತ್ತದೆ, ಮತ್ತು ಅದನ್ನು ಆ ಮಿತಿಯಲ್ಲಿ ಹಿಡಿದಿಡುವ ಶಕ್ತಿ ತಾಯಿಯ ಎದೆಗಿದೆ. ಅಲ್ಲಿ ಮಲಗಿದ ಮಗು ಹೆಚ್ಚು ಹೊತ್ತು ನಿದ್ರಿಸುತ್ತದೆ, ತಾಯಿಯ ಚರ್ಮದಲ್ಲಿರುವ ನಿರಪಾಯಕಾರಿ ಸೂಕ್ಷ್ಮಜೀವಿಗಳು ಮಗುವಿನ ಚರ್ಮಕ್ಕೂ ಬರುತ್ತವೆ, ತಾಯಿಗೆ ಹಾಲು ಹೆಚ್ಚುತ್ತದೆ.

ಕ್ರಮ ಕಷ್ಟದ್ದಲ್ಲ. ಮಗುವಿಗೆ ಟೋಪಿ, ಕಾಲುಚೀಲ ಮತ್ತು ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ಚಳಿಯೆನಿಸಿದರೆ ಮುಂಭಾಗ ತೆರೆದ, ತೋಳಿಲ್ಲದ ಅಂಗಿ ಹಾಕಬಹುದು. ನೀವು ದಿಂಬುಗಳಿಗೆ ಅರ್ಧ ಒರಗಿ ಕುಳಿತು, ಎರಡು ಸ್ತನಗಳ ನಡುವೆ ಮಗುವನ್ನು ನೆಟ್ಟಗೆ, ಎದೆಗೆ ಎದೆ ತಾಗುವಂತೆ ಇರಿಸಿ. ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಗದ್ದ ತುಸು ಮೇಲಕ್ಕಿರಲಿ. ಕತ್ತು ಮುಂದಕ್ಕೆ ಮಡಚಿದರೆ ಉಸಿರಿನ ದಾರಿ ಮುಚ್ಚುತ್ತದೆ, ಈ ಒಂದು ವಿಷಯದಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಕೈಕಾಲುಗಳು ಮಡಚಿಕೊಂಡು ಕಪ್ಪೆ ಕೂತ ಭಂಗಿಯಲ್ಲಿರಲಿ. ಮೇಲಿನಿಂದ ಹಳೆಯ ಹತ್ತಿಸೀರೆಯನ್ನೋ ಅಗಲವಾದ ಮುಂಡನ್ನೋ ಮಡಚಿ, ಮಗುವಿನ ಕಿವಿಯ ಕೆಳಗಿನವರೆಗೆ ಬರುವಂತೆ, ಹೊಟ್ಟೆ ಉಸಿರಾಡುವಷ್ಟು ಜಾಗ ಬಿಟ್ಟು ಕಟ್ಟಿಕೊಳ್ಳಿ. ಮಗುವಿನ ಮುಖ ಯಾವಾಗಲೂ ಕಾಣಿಸುತ್ತಿರಬೇಕು. ಹೀಗೆ ಕಟ್ಟಿಕೊಂಡ ಮೇಲೆ ನೀವು ಮನೆಯೊಳಗೆ ನಡೆದಾಡಬಹುದು, ಊಟ ಮಾಡಬಹುದು, ಮಂಚದ ಮೇಲೆ ತಲೆಯ ಭಾಗ ಎತ್ತರವಿರಿಸಿ ನಿದ್ರಿಸಲೂಬಹುದು. ಒಲೆಯ ಹತ್ತಿರ ಮಾತ್ರ ಹೋಗಬಾರದು. ಕುರ್ಚಿಯಲ್ಲಿ ಅಥವಾ ಸೋಫಾದಲ್ಲಿ ಮಗುವನ್ನು ಹಿಡಿದುಕೊಂಡು ನಿದ್ದೆಗೆ ಜಾರಬಾರದು. ಎದೆಯಿಂದ ಇಳಿಸಿದಾಗ ಮಗುವನ್ನು ಅಂಗಾತವಾಗಿಯೇ ಮಲಗಿಸಿ.

ತೂಕ 2,500 ಗ್ರಾಂ ಮುಟ್ಟುವವರೆಗೆ ಅಥವಾ ಗರ್ಭದ ಲೆಕ್ಕದಲ್ಲಿ 40 ವಾರ ತುಂಬುವವರೆಗೆ ಮುಂದುವರಿಸಿ. ಸಾಮಾನ್ಯವಾಗಿ ಮಗುವೇ ನಿಲ್ಲಿಸುವ ಹೊತ್ತನ್ನು ತಿಳಿಸುತ್ತದೆ: ಕೈಕಾಲುಗಳನ್ನು ಹೊರಗೆಳೆಯುತ್ತದೆ, ಒದ್ದಾಡುತ್ತದೆ, ಕಟ್ಟಿದರೆ ಅಳುತ್ತದೆ.

ಇನ್ನು ಸಾಧ್ಯವೇ ಎಂಬ ಮಾತು. ಒಬ್ಬರಿಂದಲೇ ಸಾಧ್ಯವಿಲ್ಲ. ತವರಿನಲ್ಲಿ ಬಾಣಂತನ ನಡೆಯುವ ನಮ್ಮ ಪದ್ಧತಿ ಇಲ್ಲಿ ದೊಡ್ಡ ಅನುಕೂಲ. ಬಾಣಂತಿಗೆ ಅಡುಗೆಮನೆಯ ಕೆಲಸವಿಲ್ಲ ಎಂಬುದು ನಮ್ಮಲ್ಲಿ ಮೊದಲಿನಿಂದಲೂ ಒಪ್ಪಿತವಾದ ಸಂಗತಿ. ಆದರೆ ಬಾಣಂತಿಯನ್ನು ಮಲಗಿಸಿ, ಮಗುವನ್ನು ತೊಟ್ಟಿಲಿಗೆ ಹಾಕುವ ಬದಲು, ಮಗುವನ್ನು ಬಾಣಂತಿಯ ಎದೆಯಲ್ಲೇ ಬಿಡಬೇಕು. ನಿಮ್ಮ ಸ್ನಾನದ ಹೊತ್ತಿಗೆ, ರಾತ್ರಿಯ ಎರಡು ಮೂರು ಗಂಟೆ ನಿದ್ದೆಗೆ ನಿಮ್ಮ ತಾಯಿಯೋ ತಂಗಿಯೋ ಮಗುವಿನ ತಂದೆಯೋ ತಮ್ಮ ಎದೆ ಕೊಡಲಿ. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಗಂಟೆಗಳನ್ನು ಗುರುತು ಹಾಕುತ್ತ ಹೋಗುವುದು ಒಳ್ಳೆಯದು. ಬರೆಯದೆ ಅಂದಾಜು ಮಾಡಿದ ಗಂಟೆಗಳು ನಿಜವಾದವುಗಳಿಗಿಂತ ಯಾವಾಗಲೂ ಹೆಚ್ಚಾಗಿಯೇ ತೋರುತ್ತವೆ.

ಪ್ರಶ್ನೆ: ನಾನು ಗಲ್ಫಿನಲ್ಲಿ ಕೆಲಸದಲ್ಲಿದ್ದು, ಹೆಂಡತಿಗೆ ತುರ್ತಾಗಿ ಸಿಸೇರಿಯನ್ ಆದ ಸುದ್ದಿ ತಿಳಿದು ಬಂದಿದ್ದೇನೆ. ಅವಳಿಗೆ ಇನ್ನೂ ಎದ್ದು ಕೂರಲಾಗುವುದಿಲ್ಲ. ನರ್ಸ್ ಒಬ್ಬರು ‘ನೀವೇ ಎದೆಗೆ ಹಾಕಿಕೊಳ್ಳಿ’ ಎಂದರು. ಮನೆಯ ಹಿರಿಯರಿಗೆ ಇದು ನಗುವ ವಿಷಯವಾಗಿದೆ. ಗಂಡಸಿನ ಮೈಯಿಂದ ಪ್ರಯೋಜನವಿದೆಯೇ? – ಉಪ್ಪಳದ ಓದುಗರು

ಉತ್ತರ: ಇದೆ. ಬಿಸಿ ಕೊಡುವ ಕೆಲಸದಲ್ಲಿ ತಂದೆಯ ಎದೆ ಹಿಂದೆ ಬೀಳುವುದಿಲ್ಲ. ಹಾಲೊಂದನ್ನು ಬಿಟ್ಟರೆ ಉಳಿದುದೆಲ್ಲವೂ ಅಲ್ಲಿ ಸಿಗುತ್ತದೆ. ಸಿಸೇರಿಯನ್ ಆದ ತಾಯಿಗೂ ನೋವು ಹತೋಟಿಗೆ ಬಂದು, ಒರಗಿ ಕೂರಲು ಸಾಧ್ಯವಾದ ಕೂಡಲೇ ಆರಂಭಿಸಬಹುದು, ಅಲ್ಲಿಯವರೆಗಿನ ಗಂಟೆಗಳು ನಿಮ್ಮವು. ಸ್ನಾನ ಮಾಡಿ, ಒಗೆದ ಲುಂಗಿ ಮತ್ತು ಗುಂಡಿ ಬಿಚ್ಚಬಹುದಾದ ಅಂಗಿ ಧರಿಸಿ ಹೋಗಿ. ಎದೆಯ ಕೂದಲು ಅಡ್ಡಿಯಲ್ಲ. ಅಡ್ಡಿಯಾಗುವುದು ಅತ್ತರು, ಸುಗಂಧದ ಸ್ಪ್ರೇ, ನೋವಿನ ಮುಲಾಮು ಮತ್ತು ಸಿಗರೇಟಿನ ವಾಸನೆ. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಮೊದಲೆರಡಂತೂ ಇದ್ದೇ ಇರುತ್ತವೆ ಎಂಬುದರಿಂದ ಹೇಳುತ್ತಿದ್ದೇನೆ. ಜ್ವರ, ಶೀತ ಅಥವಾ ಎದೆಯ ಚರ್ಮದಲ್ಲಿ ಹುಣ್ಣು ಇದ್ದರೆ ಗುಣವಾಗುವವರೆಗೆ ಬೇರೆಯವರು ಮಾಡಲಿ. ಮದ್ಯ ಸೇವಿಸಿದವರ ಕೈಗೆ ಆ ದಿನ ಮಗುವನ್ನು ಕೊಡಲೇಬಾರದು.

ಈ ಆರೈಕೆಯ ಹುಟ್ಟೇ ಕೊರತೆಯಿಂದ ಆದದ್ದು. ಕೊಲಂಬಿಯಾ ದೇಶದ ಬೊಗೋಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಸಾಲದೆ, ಒಂದೇ ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳನ್ನು ಇಡಬೇಕಾಗಿ ಬಂದು, ಸೋಂಕಿನಿಂದ ಸಾವುಗಳು ಹೆಚ್ಚಿದಾಗ, ಡಾ. ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು 1978ರಲ್ಲಿ ತಾಯಂದಿರ ಎದೆಗೇ ಮಕ್ಕಳನ್ನು ಒಪ್ಪಿಸಿದರು. ಅದೇ ನಗರದಲ್ಲಿ 1993ರಿಂದ 1996ರ ನಡುವೆ ಅಧ್ಯಯನಕ್ಕೆ ಸೇರಿಸಿಕೊಂಡಿದ್ದ ಮಕ್ಕಳನ್ನು 20 ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ, ಎದೆಯ ಆರೈಕೆ ಪಡೆದವರಲ್ಲಿ ಶಾಲೆ ತಪ್ಪಿಸುವುದು, ಸಿಡುಕುವುದು, ಚಡಪಡಿಸುವುದು ಕಡಿಮೆಯಾಗಿತ್ತು. ಅವರ ಮನೆಗಳಲ್ಲಿ ತಂದೆತಾಯಿಯರು ಮಕ್ಕಳ ಬಗ್ಗೆ ಹೆಚ್ಚು ಕಾಳಜಿ ವಹಿಸುತ್ತಿದ್ದುದೂ ಕಂಡುಬಂತು. ನಗುವ ಹಿರಿಯರಿಗೆ ಈ ವಿವರಗಳನ್ನು ಓದಿ ಹೇಳುವ ಅಗತ್ಯವಿಲ್ಲ. ಒಂದು ವಾರದ ಕೊನೆಗೆ ತೂಕದ ಯಂತ್ರದ ಮುಂದೆ ಅವರನ್ನು ನಿಲ್ಲಿಸಿದರೆ ಸಾಕು. ನಿಮ್ಮ ರಜೆ ಮುಗಿಯುವ ಮುನ್ನ, ನೀವು ಹೋದ ಮೇಲೆ ನಿಮ್ಮ ಪಾಲಿನ ಗಂಟೆಗಳನ್ನು ಯಾರು ತುಂಬುತ್ತಾರೆ ಎಂಬುದನ್ನು ಮಾತ್ರ ಮನೆಯಲ್ಲಿ ಕುಳಿತು ನಿರ್ಧರಿಸಿ ಹೋಗಿ.

ಪ್ರಶ್ನೆ: ನನ್ನ ಮೊಮ್ಮಗ ತಿಂಗಳಿಗೆ ಮುಂಚೆ ಹುಟ್ಟಿದ್ದಾನೆ. ನಮ್ಮ ಕಾಲದಲ್ಲಿ ಇಂಥ ಕೂಸನ್ನು ಹತ್ತಿಯಲ್ಲಿ ಸುತ್ತಿ, ಬಲ್ಬಿನ ಬೆಳಕಿನಲ್ಲಿ ಇಡುತ್ತಿದ್ದರು. ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಲೋಬಾನದ ಹೊಗೆ ಹಿಡಿಯುತ್ತಿದ್ದೆವು. ಈಗ ಸೊಸೆ ಇದಾವುದೂ ಬೇಡವೆನ್ನುತ್ತಾಳೆ. ಅಮೆ ಕಳೆಯುವ ಮೊದಲು ಉಳಿದವರು ಮುಟ್ಟುವುದು ಸರಿಯೇ ಎಂಬ ಅನುಮಾನವೂ ಇದೆ. – ಮುಳ್ಳೇರಿಯದ ಓದುಗರು

ಉತ್ತರ: ಕೂಸನ್ನು ಬೆಚ್ಚಗಿಡಬೇಕು ಎಂಬ ನಿಮ್ಮ ಹಿರಿಯರ ತಿಳಿವಳಿಕೆ ಸರಿಯಾಗಿಯೇ ಇತ್ತು. ತೊಂದರೆ ಇರುವುದು ಸಾಧನದಲ್ಲಿ. ಹತ್ತಿ ಇರುವ ಬಿಸಿಯನ್ನು ಕಾಯಬಲ್ಲದು, ಇಲ್ಲದ ಬಿಸಿಯನ್ನು ಕೊಡಲಾರದು. ಮೊದಲೇ ತಣ್ಣಗಾದ ಮಗುವನ್ನು ಹತ್ತಿಯಲ್ಲಿ ಸುತ್ತಿದರೆ ಅದು ಅಷ್ಟೇ ತಣ್ಣಗೆ ಉಳಿಯುತ್ತದೆ. ಬಲ್ಬು ಮತ್ತು ಬಿಸಿನೀರಿನ ಬಾಟಲಿಯಿಂದ ಸುಟ್ಟ ಗಾಯಗಳಾಗುತ್ತವೆ, ಮೇಲಾಗಿ ಆಟಿ ತಿಂಗಳ ಮಳೆಗೆ ನಮ್ಮ ಕಡೆ ಕರೆಂಟು ಹೋದರೆ ಬರುವ ಹೊತ್ತನ್ನು ಹೇಳಲಾಗದು. ಎದೆಯ ಬಿಸಿಗೆ ಆ ಭಯವಿಲ್ಲ. ಅದೇ ಮಳೆಗಾಲದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಅರೆಬರೆ ಒಣಗಿದ ಲಂಗೋಟಿ ಮತ್ತು ಟೋಪಿ ಮಗುವನ್ನು ಎಲ್ಲಕ್ಕಿಂತ ಬೇಗ ತಣ್ಣಗಾಗಿಸುತ್ತವೆ. ಅವುಗಳನ್ನು ಇಸ್ತ್ರಿ ಮಾಡಿಯಾದರೂ ಒಣಗಿಸಿ ತೊಡಿಸಿ.

ಸ್ನಾನ ಸದ್ಯಕ್ಕೆ ಬೇಡ. ಮಗು ಕನಿಷ್ಠ 2,000 ಗ್ರಾಂ ದಾಟಿ, ವೈದ್ಯರು ಹೇಳುವವರೆಗೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆಯನ್ನು ತೆಳುವಾಗಿ, ನವಿರಾಗಿ ಸವರುವುದಕ್ಕೆ ನನ್ನ ಅಡ್ಡಿಯಿಲ್ಲ, ತಿಕ್ಕುವುದಕ್ಕೆ ಮತ್ತು ಕಿವಿ ಮೂಗಿಗೆ ಹನಿ ಬಿಡುವುದಕ್ಕೆ ಇದೆ. ಹೊಗೆ ಬೇಡವೇ ಬೇಡ, ಈ ಮಗುವಿನ ಶ್ವಾಸಕೋಶ ಇನ್ನೂ ಪಕ್ವವಾಗುತ್ತಿದೆ.

ಅಮೆಯ ವಿಚಾರದಲ್ಲಿ ನಾನು ಶಾಸ್ತ್ರ ಹೇಳುವವನಲ್ಲ. ಬಾಣಂತಿಯ ಕೋಣೆಗೆ ಕಂಡಕಂಡವರು ಬಾರದಂತೆ ಅದು ತಡೆಯುವುದಾದರೆ ಒಳ್ಳೆಯದೇ, ಸೋಂಕಿನ ದೃಷ್ಟಿಯಿಂದ ನಾವೂ ಅದನ್ನೇ ಕೇಳುತ್ತೇವೆ. ಆದರೆ ಸರದಿಯಲ್ಲಿ ಎದೆ ಕೊಡಬಲ್ಲ ಇಬ್ಬರು ಮೂವರನ್ನೂ ಅದು ಹೊರಗೆ ನಿಲ್ಲಿಸಿದರೆ, ಹುಟ್ಟಿದ ಮೊದಲ ಹತ್ತು ಹದಿನೈದು ದಿನಗಳ ಅತಿ ಬೆಲೆಯುಳ್ಳ ಗಂಟೆಗಳು ನಷ್ಟವಾಗುತ್ತವೆ. ನೀವೇ ಆ ಕೋಣೆಯೊಳಗಿನ ಎರಡನೆಯವರಾಗಿ. ಹರಿಯಾಣದಲ್ಲಿ 1,500ರಿಂದ 2,250 ಗ್ರಾಂ ತೂಕದ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯಲ್ಲೇ ಈ ಆರೈಕೆಯನ್ನು ಆರಂಭಿಸಲು ಕಲಿಸಿಕೊಟ್ಟ ಕುಟುಂಬಗಳಲ್ಲಿ ಮೊದಲ ತಿಂಗಳ ಸಾವುಗಳು ಸುಮಾರು 30 ಶೇಕಡಾ ಕಡಿಮೆಯಾದವು. ಅವು ಆಸ್ಪತ್ರೆಗಳಲ್ಲ, ನಿಮ್ಮ ನಮ್ಮಂಥ ಮನೆಗಳು.

ಪ್ರಶ್ನೆ: ನನ್ನ ಮಗು ಹುಟ್ಟಿ ಆರು ದಿನಗಳಾದವು. ಮೂಗಿನ ನಳಿಗೆಗಳಿಂದ ಗಾಳಿ ಕೊಡುತ್ತಿದ್ದಾರೆ, ಹೊಟ್ಟೆಗೆ ನಳಿಗೆಯಿಂದ ಹಾಲು. ಗಾಜಿನಾಚೆಯಿಂದ ದಿನಕ್ಕೆರಡು ಬಾರಿ ನೋಡಲು ಬಿಡುತ್ತಾರೆ. ಎದೆಗೆ ಹಾಕಿಕೊಳ್ಳುತ್ತೇನೆ ಎಂದರೆ ‘ಸ್ಥಿರವಾಗಲಿ’ ಎನ್ನುತ್ತಾರೆ. ಕಾಯುವುದೇ ಸರಿಯೇ? – ಮಂಜೇಶ್ವರದ ಓದುಗರು

ಉತ್ತರ: ಮಗು ಸ್ಥಿರವಾದ ಮೇಲೆ ಎದೆಗೆ ಕೊಡಬೇಕು ಎಂಬುದೇ ಬಹುಕಾಲದ ನಿಯಮವಾಗಿತ್ತು, ನಾನೂ ಅದನ್ನೇ ಕಲಿತವನು. ಆ ನಿಯಮವನ್ನು ಬದಲಿಸಿದ್ದು 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ, 1,000ದಿಂದ 1,799 ಗ್ರಾಂ ತೂಕದ 3,000ಕ್ಕೂ ಹೆಚ್ಚು ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಥಿರವಾಗುವುದನ್ನು ಕಾಯದೆ ಹುಟ್ಟಿದ ಕೂಡಲೇ ಎದೆಯ ಆರೈಕೆ ಕೊಟ್ಟರು. ಇನ್ನೊಂದಕ್ಕೆ ರೂಢಿಯಂತೆ ಸ್ಥಿರವಾದ ಮೇಲೆ. ತೀವ್ರ ನಿಗಾ ಘಟಕದಲ್ಲಿದ್ದಾಗ ಮೊದಲ ಗುಂಪಿನ ಮಕ್ಕಳಿಗೆ ದಿನಕ್ಕೆ ಸುಮಾರು 17 ಗಂಟೆ ಎದೆ ಸಿಕ್ಕಿತು, ಎರಡನೆಯದಕ್ಕೆ ಸುಮಾರು ಒಂದೂವರೆ ಗಂಟೆ. 28 ದಿನಗಳೊಳಗಿನ ಸಾವು ಮೊದಲ ಗುಂಪಿನಲ್ಲಿ 12 ಶೇಕಡಾ, ಎರಡನೆಯದರಲ್ಲಿ 15.7 ಶೇಕಡಾ. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದುದರಿಂದ ಅಧ್ಯಯನವನ್ನು ನಿಗದಿತ ಕಾಲಕ್ಕಿಂತ ಮೊದಲೇ ನಿಲ್ಲಿಸಲಾಯಿತು. ಅದಕ್ಕಾಗಿ ಆ ಆಸ್ಪತ್ರೆಗಳು ತಾಯಿಯ ಮಂಚವನ್ನೇ ತೀವ್ರ ನಿಗಾ ಘಟಕದೊಳಗೆ ಹಾಕಿದ್ದವು.

ಆದ್ದರಿಂದ, ಮೂಗಿನ ಗಾಳಿ, ಡ್ರಿಪ್ಪು, ಹಾಲಿನ ನಳಿಗೆ ಇವು ಯಾವುವೂ ತಮ್ಮಷ್ಟಕ್ಕೆ ಕಾರಣಗಳಲ್ಲ. ಮಗು ತಾನಾಗಿ ಉಸಿರಾಡಲಾರದೆ ವೆಂಟಿಲೇಟರಿನಲ್ಲಿದ್ದರೆ ಅಥವಾ ರಕ್ತದೊತ್ತಡ ಕುಸಿದಿದ್ದರೆ ಕಾಯಬೇಕಾಗುತ್ತದೆ. ನೀವು ಕೇಳಬೇಕಾದ ಪ್ರಶ್ನೆ ‘ಯಾವಾಗ ಕೊಡುತ್ತೀರಿ’ ಎಂಬುದಲ್ಲ. ‘ಇವತ್ತು ಕೊಡದಿರಲು ಮಗುವಿನಲ್ಲಿ ಇರುವ ಕಾರಣವೇನು’ ಎಂದು ಕೇಳಿ, ಉತ್ತರವನ್ನು ದಿನವೂ ಕೇಳಿ. ಹಲವು ಕಡೆ ನಿಜವಾದ ಕಾರಣ ಮಗುವಿನಲ್ಲಿ ಇರುವುದಿಲ್ಲ, ಒರಗುವ ಕುರ್ಚಿ ಇಲ್ಲದಿರುವುದು, ಪರದೆ ಇಲ್ಲದಿರುವುದು, ಎಂಟು ಹತ್ತು ಮಕ್ಕಳನ್ನು ಒಬ್ಬರೇ ನರ್ಸ್ ನೋಡಿಕೊಳ್ಳುತ್ತಿರುವುದು ಕಾರಣವಾಗಿರುತ್ತದೆ. ಅದು ನರ್ಸುಗಳ ತಪ್ಪಲ್ಲ, ಆದರೆ ಮಗು ಗಂಟೆಗಳನ್ನು ಕಳೆದುಕೊಳ್ಳುವುದು ಅದರಿಂದ ತಪ್ಪುವುದಿಲ್ಲ. ಕೇಂದ್ರ ಆರೋಗ್ಯ ಇಲಾಖೆ 2014ರಲ್ಲೇ ಈ ಆರೈಕೆಗೆಂದು ಮಾರ್ಗಸೂಚಿ ಹೊರಡಿಸಿದೆ ಎಂಬುದು ನಿಮಗೆ ತಿಳಿದಿರಲಿ.

ಅಲ್ಲಿಯವರೆಗೆ ಎರಡು ಕೆಲಸ ನಿಮ್ಮ ಕೈಯಲ್ಲಿವೆ. ರಾತ್ರಿಯೂ ಸೇರಿದಂತೆ ಎರಡು ಮೂರು ಗಂಟೆಗೊಮ್ಮೆ ಹಾಲನ್ನು ಕೈಯಿಂದ ಹಿಂಡಿ ಕೊಡಿ. ಹೀರಿ, ನುಂಗಿ, ಉಸಿರಾಡುವುದನ್ನು ಹೊಂದಿಸಿಕೊಳ್ಳುವ ಶಕ್ತಿ ಮಗುವಿಗೆ 34ನೆಯ ವಾರದ ಆಸುಪಾಸಿನಲ್ಲಿ ಬರುತ್ತದೆ, ಅದುವರೆಗೆ ನಳಿಗೆಯಿಂದಲೋ ಒಳಲೆಯಿಂದಲೋ ಹೋಗುವ ಹಾಲು ನಿಮ್ಮದೇ ಆಗಿರಲಿ. ಒಳಗೆ ಬಿಟ್ಟಾಗ, ಕೈ ತೊಳೆದು, ಒಂದು ಅಂಗೈಯನ್ನು ಮಗುವಿನ ತಲೆಯ ಮೇಲೆ, ಇನ್ನೊಂದನ್ನು ಮಡಚಿದ ಕಾಲುಗಳ ಮೇಲೆ ಅಲುಗಾಡಿಸದೆ ಇರಿಸಿ. ತಟ್ಟುವುದು, ನೇವರಿಸುವುದು ಈಗ ಬೇಡ.

ಪ್ರಶ್ನೆ: ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎನ್ನುತ್ತಾರಲ್ಲ? – ಕುಂಬಳೆಯ ಓದುಗರು

ಉತ್ತರ: ಸುಳ್ಳು. ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಮಗುವಿನ ಪಾಲಿಗೆ ಲಾಭವೇ. ಎಂಟು ತಿಂಗಳ ಮಗುವಿನ ಶ್ವಾಸಕೋಶ ಏಳು ತಿಂಗಳದ್ದಕ್ಕಿಂತ ಹೆಚ್ಚು ಪಕ್ವವಾಗಿರುತ್ತದೆ. ಈ ಮಾತನ್ನು ನಂಬಿ ಎಂಟು ತಿಂಗಳ ಮಗುವಿನ ಆರೈಕೆಯಲ್ಲಿ ಮನೆಯವರು ಕೈಚೆಲ್ಲಿ ಕುಳಿತರೆ ಆಗುವ ಅನಾಹುತವೇ ದೊಡ್ಡದು.

ಪ್ರಶ್ನೆ: ನಾವು ಕನ್ನಡ ಶಾಲೆಯಲ್ಲಿ ಕಲಿತವರು. ಆಸ್ಪತ್ರೆಯಿಂದ ಕೊಟ್ಟ ಸೂಚನೆಗಳು ಇಂಗ್ಲಿಷ್ ಮತ್ತು ಮಲಯಾಳದಲ್ಲಿವೆ. 31 ವಾರಕ್ಕೆ ಹುಟ್ಟಿದ ಮಗುವಿನ ವಿಷಯದಲ್ಲಿ ತಪ್ಪಿಸಬಾರದ ಸಂಗತಿಗಳು ಯಾವುವು? – ಪೆರ್ಲದ ಓದುಗರು

ಉತ್ತರ: ಬಿಡುಗಡೆಯ ದಿನವೇ ನರ್ಸ್ ಅಥವಾ ವೈದ್ಯರಿಂದ ಒಂದೊಂದು ಸಾಲನ್ನೂ ಬಾಯಿಮಾತಿನಲ್ಲಿ ಹೇಳಿಸಿ, ಕನ್ನಡದಲ್ಲಿ ಬರೆದುಕೊಳ್ಳುವುದು ಸರಿಯಾದ ದಾರಿ. ಅದು ತಪ್ಪಿಹೋಗಿದ್ದರೆ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಚೀಟಿ ತೋರಿಸಿ. ಹೆರಿಗೆಯಾದ ಮನೆಗೆ 42ನೆಯ ದಿನದವರೆಗೆ ಹಲವು ಬಾರಿ ಬಂದು ಮಗುವನ್ನು ನೋಡುವುದು ಅವರ ಕೆಲಸದ ಭಾಗವೇ, ನಮ್ಮ ಗಡಿಭಾಗದಲ್ಲಿ ಅವರಲ್ಲಿ ಅನೇಕರಿಗೆ ಎರಡೂ ಭಾಷೆ ಬರುತ್ತದೆ.

ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಅಂಗಾಲಷ್ಟೇ ಅಲ್ಲದೆ ಹೊಟ್ಟೆಯೂ ತಣ್ಣಗಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಡಿದರೆ ಅಥವಾ ಉಸಿರು ನಡುನಡುವೆ ನಿಂತರೆ, ಅಂಗೈ ಅಂಗಾಲು ಹಳದಿಯಾದರೆ, ಸೆಳೆತ ಬಂದರೆ, ಮರುದಿನಕ್ಕೆ ಕಾಯದೆ ಹೊರಡಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ನಿಮ್ಮಲ್ಲಿಂದ ದಾರಿ ಇನ್ನೂ ತಿರುವುಮುರುವಾಗಿದೆ. ಆ ದಾರಿಯಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹೋದರೆ ತಲುಪುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಎದೆಗೆ ಕಟ್ಟಿಕೊಂಡೇ ವಾಹನ ಹತ್ತಿ, ಮುಖ ಕಾಣುವಂತಿರಲಿ, ಎಸಿ ಬೇಡ.

ಲಸಿಕೆಗಳ ಲೆಕ್ಕ ಹುಟ್ಟಿದ ದಿನದಿಂದಲೇ. ಮಗು ಕತ್ತು ನಿಲ್ಲಿಸುವುದು, ನಗುವುದು, ಮಗುಚುವುದು ಇವುಗಳ ಲೆಕ್ಕ ಮಾತ್ರ ಹುಟ್ಟಬೇಕಾಗಿದ್ದ ದಿನದಿಂದ. ಪಕ್ಕದ ಮನೆಯ ಮಗುವಿಗೆ ಹೋಲಿಸಿ ಕೊರಗಬೇಡಿ. ಕೊನೆಯದಾಗಿ ಕಣ್ಣಿನ ಪರೀಕ್ಷೆ. 34 ವಾರಕ್ಕಿಂತ ಮೊದಲು ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ದೃಷ್ಟಿಯನ್ನೇ ಕಳೆಯಬಹುದು. ಹೊರಗಿನಿಂದ ನೋಡುವವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಮಗುವಿಗೆ ಈ ಪರೀಕ್ಷೆ ಹುಟ್ಟಿದ 30ನೆಯ ದಿನದೊಳಗೆ ಒಮ್ಮೆ ಆಗಲೇಬೇಕು, ನಂತರ ಕಣ್ಣಿನ ವೈದ್ಯರು ಹೇಳಿದ ದಿನಗಳಲ್ಲಿ ಮತ್ತೆ. ನಾಮಕರಣದ ಮುಹೂರ್ತ ಅದೇ ದಿನಕ್ಕೆ ಬಿದ್ದರೆ ಮುಹೂರ್ತವನ್ನು ಮುಂದೆ ಹಾಕಿ, ಪರೀಕ್ಷೆಯನ್ನಲ್ಲ.